ಬಳ್ಳಿ ಹಬ್ಬುವಷ್ಟು ಹೊತ್ತು

‘ಎಂಜಾಯ್ ಮಾಡಿದ್ಯಾ?’

ಹೊರದೇಶದಿಂದ ಬಂದ ಮರುದಿನ ಆಫೀಸಿನ ಕಾಫಿ ಮಷಿನ್ ಹತ್ತಿರ ಈ ಪ್ರಶ್ನೆ ಗ್ಯಾರಂಟಿ. ನಮ್ಮಂಥವರ ಬಳಿ ಅದಕ್ಕೊಂದು ರೆಡಿಮೇಡ್ ಉತ್ತರವೂ ಇರುತ್ತದೆ. ‘ಎಂತ ಎಂಜಾಯ್ ಮಾರಾಯ, ಏರ್‌ಪೋರ್ಟು, ಹೋಟೆಲು, ಕ್ಲೈಂಟ್ ಆಫೀಸು, ಮತ್ತೆ ಏರ್‌ಪೋರ್ಟು. ಅಷ್ಟೇ.’ ಮನೆಯಲ್ಲಿ ಇದನ್ನೇ ಇನ್ನಷ್ಟು ಸುಸ್ತಾದ ದನಿಯಲ್ಲಿ ಹೇಳುವುದು. ಊರಿಗೆ ಫೋನ್ ಮಾಡಿದಾಗ ಊಟದ ಕಷ್ಟವನ್ನೂ ಸೇರಿಸುವುದು. ಇದ್ಯಾವುದೂ ಸುಳ್ಳಲ್ಲ. ಬ್ಯಾಂಕುಗಳಲ್ಲಿ ಸಾಫ್ಟ್‌ವೇರ್ ಕೂರಿಸಿ ಕೊಟ್ಟು ಬರುವ ಕೆಲಸಕ್ಕಾಗಿ ಹದಿಮೂರು ಹದಿನಾಲ್ಕು ವರ್ಷದಿಂದ ಓಡಾಡುತ್ತಿದ್ದೇನೆ. ಬೆನ್ನುನೋವು, ರಾತ್ರಿ ಎರಡೂವರೆಗೆ ಎಚ್ಚರವಾಗಿ ಸೀಲಿಂಗ್ ನೋಡುತ್ತಾ ಮಲಗುವುದು, ಮಗಳ ಶಾಲೆಯ ವಾರ್ಷಿಕೋತ್ಸವವನ್ನು ಮೊಬೈಲಿನಲ್ಲಿ ನೋಡುವುದು, ಎಲ್ಲ ನಿಜವೇ. ಆದರೆ ಅರ್ಧ ನಿಜ. ಉಳಿದರ್ಧವನ್ನು ನಾವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಉಳಿದರ್ಧ ಹೀಗಿದೆ. ಹೋಟೆಲಿನ ರೂಮಿಗೆ ಬಂದು, ಕಾರ್ಡನ್ನು ಗೋಡೆಯ ಸ್ಲಾಟಿಗೆ ಸಿಕ್ಕಿಸಿ, ಹಿಂದೆ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡು ಟಕ್ ಅಂದಾಗ ಒಂದು ಖುಷಿ ಆಗುತ್ತದೆ. ಮುಂದಿನ ಹನ್ನೆರಡು ಗಂಟೆ ನಾನು ಯಾರ ಮಗನೂ ಅಲ್ಲ, ಗಂಡನೂ ಅಲ್ಲ, ಅಪ್ಪನೂ ಅಲ್ಲ. ಗ್ಯಾಸ್ ಬುಕ್ ಮಾಡಬೇಕಿಲ್ಲ. ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಬಂತೋ ಇಲ್ಲವೋ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಇದು ಊರು ನೋಡುವ ಖುಷಿ ಅಲ್ಲ. ಕಿಟಕಿಯ ಹೊರಗೆ ಜಕಾರ್ತ ಇರಲಿ, ಫ್ರಾಂಕ್‌ಫರ್ಟ್ ಇರಲಿ, ಅದರ ರುಚಿ ಒಂದೇ. ದೂರ ಇರುವುದರ ಖುಷಿ ಅದು. ಮನೆಯವರ ಮೇಲೆ ಪ್ರೀತಿ ಇಟ್ಟುಕೊಂಡೇ ಮನೆಯಿಂದ ದೂರ ಇರುವುದನ್ನು ಇಷ್ಟಪಡಬಹುದಾ? ಅದು ತಪ್ಪಾ?

ಈ ಪ್ರಶ್ನೆ ನನಗೀಗ ಬರೀ ತತ್ವವಾಗಿ ಉಳಿದಿಲ್ಲ. ಹೊಸ ರೋಲ್ ಕೊಡುತ್ತೇವೆ ಅಂದಿದ್ದಾರೆ. ಸಂಬಳ ಜಾಸ್ತಿ, ಕೆಲಸವೂ ಇಷ್ಟದ್ದೇ, ಆದರೆ ವರ್ಷಕ್ಕೆ ಸುಮಾರು ಇನ್ನೂರು ದಿನ ಹೊರಗೆ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ಲೆಕ್ಕ ಉಂಟು ನೋಡಿ: ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ‘ನಿವಾಸಿ’. (ಬೇರೆ ಷರತ್ತುಗಳೂ ಉಂಟು, ಅವನ್ನು ನಿಮ್ಮ ಸಿ.ಎ. ಹತ್ತಿರ ಕೇಳಿ, ನನ್ನನ್ನು ನಂಬಬೇಡಿ.) ಇನ್ನೂರು ದಿನ ಹೊರಗಿದ್ದರೆ ನಾನು ಆ ಗೆರೆಯ ಆಚೆ ಬೀಳಬಹುದು. ನೀನು ಎಲ್ಲಿಯವ ಎನ್ನುವುದನ್ನು ದಿನ ಎಣಿಸಿ ಹೇಳಿಬಿಡುವ ಸರಕಾರದ ಧೈರ್ಯ ನನಗೆ ಮೆಚ್ಚುಗೆ. ನನಗಂತೂ ಅಷ್ಟು ಸುಲಭವಾಗಿ ಹೇಳಲಿಕ್ಕೆ ಬರುವುದಿಲ್ಲ.

ನಮ್ಮೂರು ವೇಣೂರು. ಮೂಡಬಿದಿರೆಗೂ ಬೆಳ್ತಂಗಡಿಗೂ ನಡುವೆ, ಫಲ್ಗುಣಿ ಹೊಳೆಯ ದಡದಲ್ಲಿ. ಬಸ್ಸಿನಲ್ಲಿ ಹೋಗುವವರು ಸ್ವಲ್ಪ ತೂಕಡಿಸಿದರೆ ಊರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಆದರೆ ಅಲ್ಲೊಬ್ಬ 1604ರಿಂದ ಕದಲದೆ ನಿಂತಿದ್ದಾನೆ. ಅಜಿಲ ವಂಶದ ಅರಸ ತಿಮ್ಮಣ್ಣಾಜಿಲ ನಿಲ್ಲಿಸಿದ ಏಕಶಿಲೆಯ ಬಾಹುಬಲಿ, ಸುಮಾರು 35 ಅಡಿ. ಕಾರ್ಕಳದ್ದು 1432ರದು, 42 ಅಡಿ. ನಮ್ಮದು ಗಿಡ್ಡವೇ. ಆದರೂ ಇಲ್ಲಿ ಇನ್ನೊಂದು ಮೂರ್ತಿ ಎದ್ದರೆ ತಮ್ಮೂರಿನದರ ಕೀರ್ತಿ ಕಡಿಮೆಯಾದೀತೆಂದು ಕಾರ್ಕಳದ ಅರಸ ದಂಡು ಕಟ್ಟಿಕೊಂಡು ಬಂದನೆಂದೂ, ಅಜಿಲರು ಮೂರ್ತಿಯನ್ನು ಫಲ್ಗುಣಿಯ ಮರಳಲ್ಲಿ ಹೂತು ಉಳಿಸಿಕೊಂಡರೆಂದೂ ಊರಲ್ಲಿ ಕಥೆ ಹೇಳುತ್ತಾರೆ. ಗೆದ್ದ ರಾಜ್ಯವನ್ನೇ ಬೇಡ ಅಂದವನ ಮೂರ್ತಿಗಾಗಿ ಯುದ್ಧ! ನಮ್ಮ ಜನ ಯಾವತ್ತೂ ಹೀಗೆಯೇ ಬಿಡಿ.

ಹನ್ನೆರಡು ವರ್ಷಕ್ಕೊಮ್ಮೆ ಅವನಿಗೆ ಮಹಾಮಸ್ತಕಾಭಿಷೇಕ. 2000ದಲ್ಲಿ ನಾನು ಶಾಲೆಯ ಹುಡುಗ; ಹಾಲು, ಎಳನೀರು, ಅರಿಶಿನದ ನೀರು ಒಂದರ ಹಿಂದೊಂದು ಇಳಿಯುವಾಗ ಅವನ ಬಣ್ಣ ಬದಲಾಗುವುದನ್ನು ಬಾಯಿಬಿಟ್ಟು ನೋಡಿದ್ದೆ. 2012ರಲ್ಲಿ ಫ್ರಾಂಕ್‌ಫರ್ಟಿನಲ್ಲಿದ್ದೆ. 2024ರ ಫೆಬ್ರವರಿಯಲ್ಲಿ ರಜೆ ಹಾಕಿ ಹೋದೆ. ನನ್ನ ಪಾಸ್‌ಪೋರ್ಟಿನ ಆಯುಷ್ಯ ಹತ್ತು ವರ್ಷ, ಅವನ ಒಂದು ಸ್ನಾನದಿಂದ ಇನ್ನೊಂದು ಸ್ನಾನಕ್ಕೆ ಹನ್ನೆರಡು.

ಚಿಕ್ಕವನಿರುವಾಗ ಅಜ್ಜನ ಹತ್ತಿರ ಕೇಳಿದ್ದುಂಟು, ‘ಅಜ್ಜ, ಹೀಗೇ ನಿಂತು ನಿಂತು ಅವನಿಗೆ ಬೋರ್ ಆಗುದಿಲ್ವಾ?’ ಅಜ್ಜ ಎಲೆಯಡಿಕೆ ಆಚೆ ಕೆನ್ನೆಗೆ ದೂಡಿ ಹೇಳಿದ್ದರು: ‘ಬೋರ್ ಆಗುವವನಾಗಿದ್ರೆ ನಿಲ್ತಿದ್ನಾ? ಊರೂರು ತಿರುಗ್ತಿದ್ದ.’

ಊರೂರು ತಿರುಗಿದವ ಅವನ ಅಣ್ಣ. ಭರತ ಚಕ್ರವರ್ತಿ. ನಮ್ಮ ಸಾಹಿತ್ಯದಲ್ಲಿ ಕೆಲಸದ ಮೇಲೆ ನಿರಂತರ ಪ್ರವಾಸದಲ್ಲಿರುವ ಮನುಷ್ಯ ಬೇಕಾದರೆ ಅವನೇ. ಚಕ್ರರತ್ನ ಮುಂದೆ ಹೋಗುತ್ತದೆ, ಇವನು ಹಿಂದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕ್ಯಾಂಪು. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಈ ದಿಗ್ವಿಜಯದ ಕೊನೆಗೆ ಒಂದು ಪ್ರಸಂಗ ಬರುತ್ತದೆ. ಎಲ್ಲ ಗೆದ್ದಾಯಿತು, ಇನ್ನು ವೃಷಭಾಚಲದ ಬಂಡೆಯ ಮೇಲೆ ಹೆಸರು ಕೆತ್ತಿಸಬೇಕೆಂದು ಭರತ ಹೋಗುತ್ತಾನೆ. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು, ಖಾಲಿ ಜಾಗವೇ ಇಲ್ಲ. ಅಲ್ಲೇ ಅವನ ಸೊಕ್ಕು ಇಳಿಯುತ್ತದೆ. ಆದರೂ ಯಾರದ್ದೋ ಒಂದು ಹೆಸರು ಅಳಿಸಿ ತನ್ನದು ಬರೆಸಿಯೇ ಬರುತ್ತಾನೆ. ನನಗೆ ಈ ಪ್ರಸಂಗದಲ್ಲಿ ತುಂಬ ಹಿಡಿಸುವುದು ಆ ‘ಆದರೂ’. ಸೊಕ್ಕು ಇಳಿದ ಮೇಲೂ ಬರೆಸಿದ ನೋಡಿ! ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಈಗ ಅದೇ ಸ್ಥಿತಿಯಲ್ಲಿದೆ. ಹೋದ ಸಲ ದೋಹಾದ ಮ್ಯಾಗ್ನೆಟ್ ಅಂಟಿಸಲಿಕ್ಕೆ ಪ್ರಾಗ್ ಅನ್ನು ತೆಗೆದು ಡ್ರಾಯರಿಗೆ ಹಾಕಬೇಕಾಯಿತು.

ಭರತನ ಪರವಾಗಿ ವಾದ ಮಾಡಿದವನೂ ಒಬ್ಬನಿದ್ದಾನೆ. ಅವನು ನಮ್ಮ ನೆರೆಯವನೇ, ಹದಿನಾರನೆಯ ಶತಮಾನದ ಮೂಡಬಿದಿರೆಯ ರತ್ನಾಕರವರ್ಣಿ. ಅವನ ‘ಭರತೇಶ ವೈಭವ’ದಲ್ಲಿ ಭರತ ಭೋಗಿಯೂ ಹೌದು, ಯೋಗಿಯೂ ಹೌದು. ಊಟ, ಸಂಗೀತ, ರಾಣಿಯರು, ದಂಡಯಾತ್ರೆ ಎಲ್ಲ ನಡೆಯುತ್ತಲೇ ಇರುತ್ತದೆ. ಅದರ ನಡುವೆ ಕಣ್ಣುಮುಚ್ಚಿ ಕುಳಿತರೆ ಒಳಗಿನ ಆತ್ಮ ಕಾಣುತ್ತದೆ. ಬಾಹುಬಲಿಯ ಜೊತೆ ಕಾದಾಟವೂ ಇಲ್ಲ, ಮಾತಿನಲ್ಲೇ ಗೆಲ್ಲುತ್ತಾನೆ. ಮೊದಲ ಸಲ ಓದಿದಾಗ ನನಗೆ ಭಾರೀ ಸಮಾಧಾನ ಆಗಿತ್ತು. ಕಾರ್ಪೊರೇಟ್ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಪುರಾಣ ಬೇಕಾ? ಪ್ರಯಾಣವೂ ಇರಲಿ, ಮಜಾವೂ ಇರಲಿ, ಆತ್ಮಾವಲೋಕನವೂ ಇರಲಿ, ಮೂರನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬ್ಲಾಕ್ ಮಾಡಬಹುದು.

ಅಲ್ಲೇ ನನಗೆ ಅನುಮಾನವೂ ಹುಟ್ಟಿದ್ದು. ಭರತನಿಗೆ ಕಣ್ಣುಮುಚ್ಚಿದ ಕೂಡಲೇ ಆತ್ಮ ಕಾಣುತ್ತದೆ, ಯಾಕೆಂದರೆ ಅವನು ರತ್ನಾಕರನ ಭರತ. ನಾನು ಹೋಟೆಲಿನಲ್ಲಿ ಕಣ್ಣುಮುಚ್ಚಿದರೆ ಕಾಣುವುದು ನಾಳೆಯ ಪ್ರೆಸೆಂಟೇಶನ್ನು. ಹದಿನಾಲ್ಕು ವರ್ಷ ಹೋಟೆಲುಗಳಲ್ಲಿ ಮಲಗಿ ನನ್ನ ಬಗ್ಗೆ ನಾನು ತಿಳಿದುಕೊಂಡದ್ದಾದರೂ ಏನು? ಗಟ್ಟಿ ದಿಂಬು ಆಗುವುದಿಲ್ಲ ಅಂತ. ಹೋಟೆಲಿನ ಏಕಾಂತ ಚಂದದ್ದೇ, ಆದರೆ ಅದರಲ್ಲಿ ಏನೋ ಮೋಸ ಇದೆ. ಹಾಸಿಗೆ ಯಾರೋ ಸರಿಮಾಡಿರುತ್ತಾರೆ. ಒದ್ದೆ ಟವೆಲ್ ನೆಲಕ್ಕೆ ಹಾಕಿದರೆ ಸಂಜೆಗೆ ಹೊಸದು ಬಂದಿರುತ್ತದೆ. ನಾನು ಅಲ್ಲಿ ಇದ್ದೆನೆಂಬುದರ ಗುರುತನ್ನೆಲ್ಲ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬರು ಬಂದು ಅಳಿಸಿ ಹೋಗುತ್ತಾರೆ. ನಮ್ಮ ಸಿಟ್ಟು, ಸೋಮಾರಿತನ, ಸಣ್ಣತನ ಯಾವುದಕ್ಕೂ ಅಲ್ಲಿ ಎದುರು ನಿಲ್ಲುವವರೇ ಇಲ್ಲ. ಎದುರು ಯಾರೂ ಇಲ್ಲದಿದ್ದರೆ ನಾನು ಒಳ್ಳೆಯವನೇ, ಎಲ್ಲರೂ ಒಳ್ಳೆಯವರೇ.

ಜೋರು ಏಕಾಂತದಲ್ಲಿದ್ದವ ಬಾಹುಬಲಿ, ಒಪ್ಪುತ್ತೇನೆ. ಆದರೆ ಮೂರ್ತಿಯನ್ನು ಸರಿಯಾಗಿ ನೋಡಿ. ಅವನು ನಿಂತ ಭಂಗಿಗೆ ಕಾಯೋತ್ಸರ್ಗ ಅಂತ ಹೆಸರು, ದೇಹದ ಮೇಲಿನ ಮಮಕಾರ ಬಿಟ್ಟು ನಿಲ್ಲುವುದು. ಕಾಲಿಗೆ, ತೊಡೆಗೆ, ತೋಳಿಗೆ ಬಳ್ಳಿ ಹಬ್ಬಿದೆ. ಕಾಲ ಬಳಿ ಹುತ್ತ, ಹಾವು. ಒಂದು ವರ್ಷ ಹಾಗೆ ನಿಂತನಂತೆ. ನಾವು ಅದನ್ನು ಅವನ ಸಹನೆಯ ಗುರುತು ಅಂತ ನೋಡುತ್ತೇವೆ. ನನಗೆ ಈಚೆಗೆ ಬೇರೆಯೇ ಕಾಣುತ್ತದೆ. ಎಲ್ಲವನ್ನೂ ಬಿಟ್ಟು ಬಂದ ಮನುಷ್ಯನನ್ನು ನಿಂತ ಜಾಗ ಬಂದು ಹಿಡಿದುಕೊಂಡಿತು. ಅವನು ಏನನ್ನೂ ಹಿಡಿಯಲಿಲ್ಲ, ಆದರೆ ತನ್ನನ್ನು ಹಿಡಿಯಲು ಬಂದದ್ದನ್ನು ಕೊಡವಿಕೊಳ್ಳಲೂ ಇಲ್ಲ. ಅಷ್ಟಾದರೂ ಅವನಿಗೆ ಜ್ಞಾನ ಸಿಕ್ಕಲಿಲ್ಲವಂತೆ, ಕಾಲಡಿಯ ಈ ನೆಲವೂ ಅಣ್ಣನದ್ದೇ ಎಂಬ ಒಂದು ಚೂರು ಕೊರಗು ಒಳಗೆ ಉಳಿದಿತ್ತು ಅಂತ ನಮ್ಮ ಕಡೆ ಕಥೆ. ಒಂದು ವರ್ಷ ನಿಂತ ಮೇಲೂ ಮನೆಯ ಜಗಳ ತಲೆಯಲ್ಲಿ! ಒಂದು ವಾರ ಸಿಂಗಾಪುರಕ್ಕೆ ಹೋಗಿ ‘ಮೈಂಡ್ ಫ್ರೆಶ್ ಆಯ್ತು’ ಅನ್ನುವವರನ್ನು ಕಂಡರೆ ನನಗೆ ಸಣ್ಣ ನಗು ಬರುವುದು ಇದೇ ಕಾರಣಕ್ಕೆ.

ಹಾಗಂತ ತಿರುಗಾಟದ್ದೇ ತಪ್ಪು ಅಂತಲೂ ಅಲ್ಲ. ಜೈನ ಮುನಿಗಳು ಒಂದೇ ಊರಿನಲ್ಲಿ ತಳವೂರುವ ಹಾಗಿಲ್ಲ. ನಡೆದುಕೊಂಡೇ ಊರಿಂದ ಊರಿಗೆ ವಿಹಾರ. ಜಾಗದ ಮೇಲೆ, ಜನದ ಮೇಲೆ ಅಂಟು ಬೆಳೆಯಬಾರದು ಅಂತ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಚಾತುರ್ಮಾಸ, ಒಂದೇ ಕಡೆ ನಿಲ್ಲಬೇಕು. ಮಳೆಗೆ ನೆಲದ ತುಂಬ ಹುಟ್ಟುವ ಹುಳ ಹುಪ್ಪಟೆ ಕಾಲಡಿ ಬಿದ್ದು ಸಾಯಬಾರದು ಅಂತ. ಅಂದರೆ ನಡೆಯುವುದು ತನ್ನನ್ನು ಸಡಿಲಿಸಿಕೊಳ್ಳಲಿಕ್ಕೆ, ನಿಲ್ಲುವುದು ಇನ್ನೊಂದು ಜೀವಕ್ಕಾಗಿ. ಎರಡಕ್ಕೂ ಕಾರಣ ಉಂಟು. ನಮ್ಮ ಕಥೆ ನೋಡಿ: ನಮಗೂ ಯಾವ ಊರಿಗೂ ಅಂಟಿಲ್ಲ, ಆದರೆ ಅದು ವೈರಾಗ್ಯದಿಂದ ಅಲ್ಲ, ಕ್ಯಾಬ್ ಕೆಳಗೆ ಕಾಯುತ್ತಿರುವುದರಿಂದ.

ಹಿಂದೆ ನಮ್ಮವರು ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಸಮುದ್ರ ದಾಟುತ್ತಿದ್ದರು, ಬಂದು ಒಂದು ಪುಸ್ತಕ ಬರೆಯುತ್ತಿದ್ದರು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’. ನಾವು ಮೂವತ್ತು ಸಲ ದಾಟಿಯೂ ಒಂದು ಪುಟ ಬರೆಯುವುದಿಲ್ಲ. ಎಕ್ಸ್‌ಪೆನ್ಸ್ ರಿಪೋರ್ಟ್ ಬರೆಯುತ್ತೇವೆ. ಇನ್ನೊಂದು ತುದಿಯಲ್ಲಿ ಕ್ಸೇವಿಯರ್ ದ ಮೇಸ್ತ್ರ್ ಎಂಬ ಸೇನಾಧಿಕಾರಿ ಇದ್ದಾನೆ. ದ್ವಂದ್ವಯುದ್ಧ ಮಾಡಿದ್ದಕ್ಕೆ 1790ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅವನನ್ನು 42 ದಿನ ಅವನದೇ ಕೋಣೆಯಲ್ಲಿ ಕೂರಿಸಿದರು. ಆಸಾಮಿ ತನ್ನ ಕುರ್ಚಿ, ಮಂಚ, ಗೋಡೆಯ ಚಿತ್ರಗಳ ನಡುವಿನ ‘ಪ್ರವಾಸ’ದ ಬಗ್ಗೆಯೇ ಪುಸ್ತಕ ಬರೆದ. ಎಷ್ಟು ದೂರ ಹೋದೆವು ಎನ್ನುವುದಕ್ಕೂ ಎಷ್ಟು ಕಂಡೆವು ಎನ್ನುವುದಕ್ಕೂ ಸಂಬಂಧ ಇಲ್ಲ ಅನ್ನಲಿಕ್ಕೆ ಅವನೊಬ್ಬ ಸಾಕು.

ನನ್ನ ಮಟ್ಟಿಗೆ ಇದು ಸ್ವಲ್ಪವಾದರೂ ಅರ್ಥವಾದದ್ದು ದೋಹಾದಲ್ಲಿ. ಬಜ್ಪೆ ಏರ್‌ಪೋರ್ಟಿನಲ್ಲಿ ಪರಿಚಯವಾದ ನಮ್ಮ ತಾಲೂಕಿನವರೇ ಒಬ್ಬರು ಅಲ್ಲಿ ಒಂದು ಕ್ಯಾಂಟೀನಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆ. ‘ಶುಕ್ರವಾರ ರೂಮಿಗೆ ಬನ್ನಿ ಅಣ್ಣ’ ಅಂದರು, ಹೋದೆ. ಆರು ಜನರ ರೂಮು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಊರಿಂದ ತಂದ ಮಾವಿನ ಮಿಡಿ ಉಪ್ಪಿನಕಾಯಿ. ಊಟ ಆದ ಮೇಲೆ ಒಬ್ಬ ಫೋನಿನಲ್ಲಿ ಯಕ್ಷಗಾನ ಹಾಕಿದ, ಇಬ್ಬರು ಇಸ್ಪೀಟಿಗೆ ಕೂತರು. ಅವರಿಗೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಗೊತ್ತು, ಯಾವ ಅಂಗಡಿಯಲ್ಲಿ ಯಾವ ದಿನ ಬಸಳೆ ಬರುತ್ತದೆ ಗೊತ್ತು, ಯಾರ ಹೆಂಡತಿಗೆ ಎಷ್ಟನೇ ತಿಂಗಳು ಅಂತ ಗೊತ್ತು. ಒಂಬತ್ತು ಸಲ ಆ ಊರಿಗೆ ಹೋಗಿದ್ದ ನನಗೆ ಗೊತ್ತಿದ್ದದ್ದು ಹೋಟೆಲಿನ ವೈಫೈ ಪಾಸ್‌ವರ್ಡು. ಅವರ ಬದುಕನ್ನು ಚಂದ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಅಲ್ಲಿ ಬಿಸಿಲು ಹೇಗಿರುತ್ತದೆ, ಮಗುವಿನ ಮುಖ ಎರಡು ವರ್ಷ ಫೋನಿನಲ್ಲೇ ನೋಡುವುದು ಎಂತದ್ದು, ಅವರನ್ನೇ ಕೇಳಬೇಕು. ನನ್ನ ‘ದೂರ ಇರುವ ಖುಷಿ’ಯನ್ನು ಆ ರೂಮಿನಲ್ಲಿ ಜೋರಾಗಿ ಹೇಳಲಿಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ. ಹದಿನೈದು ದಿನಕ್ಕೆ ರಿಟರ್ನ್ ಟಿಕೆಟ್ ಇರುವವನಿಗೆ ಮಾತ್ರ ದೂರ ಎಂಬುದು ರುಚಿ. ಅದು ಇಲ್ಲದವನಿಗೆ ದೂರ ಬರೀ ದೂರ. ಆದರೂ ಆ ಶುಕ್ರವಾರ ಆ ರೂಮಿನಲ್ಲಿ ಇದ್ದ ಮಜಾ ಇದೆಯಲ್ಲ, ಅದು ನನ್ನ ಹದಿನೆಂಟನೇ ಮಹಡಿಯಲ್ಲಿ ಒಂದು ದಿನವೂ ಇರಲಿಲ್ಲ. ಅವರಿಗೆ ಅಲ್ಲಿ ಬಳ್ಳಿ ಹಬ್ಬಿತ್ತು, ಬೇಕಿತ್ತೋ ಬೇಡವಾಗಿತ್ತೋ.

ಆಮೇಲೆ ನಾನೊಂದು ಪದ್ಧತಿ ಇಟ್ಟುಕೊಂಡೆ. ಹೊಸದು ನೋಡುವುದನ್ನು ನಿಲ್ಲಿಸಿದೆ. ಒಂದೇ ಊರಿಗೆ ಎರಡನೇ ಸಲ ಹೋದರೆ ಅದೇ ಹೋಟೆಲು, ಅದೇ ರಸ್ತೆ, ಅದೇ ಕಾಫಿ ಅಂಗಡಿ. ಟ್ರಾವೆಲ್ ಡೆಸ್ಕಿನವರು ನನಗೆ ಲಾಯಲ್ಟಿ ಪಾಯಿಂಟ್ಸಿನ ಆಸೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಸಿಂಗಾಪುರದಲ್ಲಿ ಒಂದು ಫುಡ್ ಕೋರ್ಟಿನ ಕಾಫಿ ಅಜ್ಜಿಯ ಹತ್ತಿರ ‘ಕೋಪಿ ಓ ಕೊಸೊಂಗ್’ ಅಂತ ಸರಿಯಾಗಿ ಹೇಳಲಿಕ್ಕೆ ನನಗೆ ಮೂರು ಟ್ರಿಪ್ಪು ಬೇಕಾಯಿತು. ಹಾಲೂ ಇಲ್ಲದ ಸಕ್ಕರೆಯೂ ಇಲ್ಲದ ಕಾಫಿ. ಕೊಸೊಂಗ್ ಅಂದರೆ ಮಲಯದಲ್ಲಿ ಖಾಲಿ. ಮೊದಲೆರಡು ಸಲ ಆಕೆ ನಕ್ಕರು, ಮೂರನೇ ಸಲ ನಾನು ಬಾಯಿ ತೆರೆಯುವ ಮೊದಲೇ ‘ಕೊಸೊಂಗ್?’ ಅಂದರು. ಈ ಮಜಾ ಫೋಟೋದಲ್ಲಿ ಬರುವುದಿಲ್ಲ.

ಫ್ರಾಂಕ್‌ಫರ್ಟಿನ ಭಾನುವಾರ ಇನ್ನೂ ಒಳ್ಳೆಯ ಗುರು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಂದ್. ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ಡಬ್ಬಕ್ಕೆ ಹಾಕುವ ಹಾಗೂ ಇಲ್ಲ, ಸದ್ದಾಗುತ್ತದೆ. ಮೊದಮೊದಲು ಆ ದಿನ ಹುಚ್ಚು ಹಿಡಿದ ಹಾಗಾಗುತ್ತಿತ್ತು. ಕೊಳ್ಳಲಿಕ್ಕಿಲ್ಲ, ಮೇಲ್ ಬರುವುದಿಲ್ಲ, ಮಾತಾಡಲಿಕ್ಕೆ ಜನ ಇಲ್ಲ. ಈಗ ಮೈನ್ ನದಿಯ ದಡದಲ್ಲಿ ಒಂದೇ ಬೆಂಚು, ಕಬ್ಬಿಣದ ಕಾಲುಸೇತುವೆ ಕಾಣುವ ಹಾಗೆ. ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ಆಫೀಸು, ಆಮೇಲೆ ಇ.ಎಂ.ಐ., ಆಮೇಲೆ ಯಾರ ಮೇಲೋ ಹಳೆಯ ಸಿಟ್ಟು. ಅದೂ ಮುಗಿದ ಮೇಲೆ ಬರುವುದೇ ಬೇರೆ. ಒಮ್ಮೆ ಅಪ್ಪ ಬಂದರು. ತೀರಿಕೊಂಡು ಆರು ವರ್ಷವಾಗಿತ್ತು. ಕಾರ್ಯಗಳೆಲ್ಲ ಮುಗಿಸಿ, ಮರಣಪತ್ರ, ಬ್ಯಾಂಕು, ಪಹಣಿ ಅಂತ ಓಡಾಡಿ ನಾನು ವಿಮಾನ ಹತ್ತಿದ್ದೆ. ಅತ್ತಿರಲಿಲ್ಲ. ಆ ಬೆಂಚಿನ ಮೇಲೆ, ಯಾರದ್ದೋ ನಾಯಿ ನನ್ನ ಶೂ ಮೂಸುತ್ತಿರುವಾಗ, ಅತ್ತೆ. ನಾಯಿಯ ಯಜಮಾನಿ ಏನೂ ಕೇಳಲಿಲ್ಲ, ನಾಯಿಯನ್ನು ಎಳೆದುಕೊಂಡು ಹೋಗಲೂ ಇಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತರು. ವೇಣೂರಿನಲ್ಲಿ ಆಗದ್ದು ಅಲ್ಲಿ ಆಯಿತು. ಊರಿನಲ್ಲಿ ನಾನು ಹಿರಿಮಗ, ಅತ್ತರೆ ಅಮ್ಮನನ್ನು ಹಿಡಿಯುವವರು ಯಾರು?

ಹಾಗಾಗಿ ದೂರ ಇರುವ ಖುಷಿ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕೆಲವು ಕೆಲಸಗಳಿಗೆ ದೂರವೇ ಬೇಕು. ಆದರೆ ಅಲ್ಲಿ ಆದದ್ದನ್ನು ಮನೆಗೆ ತಂದು ಹೇಳಬಹುದಾ ಎನ್ನುವುದು ಮುಖ್ಯ. ಅಪ್ಪನ ವಿಷಯ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಎಲ್ಲಿಗೆ ಹೋಗ್ಲಿ ಅಳ್ಲಿಕ್ಕೆ?’ ಅಂದಳು. ನಗಾಡಿಕೊಂಡೇ ಅಂದದ್ದು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬಾಗಿಲು ಟಕ್ ಅಂದಾಗ ನನಗೆ ಸಿಗುವ ಆ ಹನ್ನೆರಡು ಗಂಟೆ ಆಕಾಶದಿಂದ ಬೀಳುವುದಲ್ಲ. ಗ್ಯಾಸು, ಟ್ಯಾಂಕರು, ಮಗಳ ಜ್ವರ ಎಲ್ಲ ಆ ಹೊತ್ತಿನಲ್ಲಿ ಇನ್ನೊಬ್ಬಳ ಪಾಲಿಗೆ ಹೋಗಿರುತ್ತದೆ. ಭರತನ ಧ್ಯಾನದ ಹೊತ್ತಿನಲ್ಲಿ ದಂಡಿನ ಅಡುಗೆ ಯಾರು ನೋಡಿಕೊಳ್ಳುತ್ತಿದ್ದರು ಅಂತ ರತ್ನಾಕರನನ್ನು ಕೇಳಬೇಕೆನಿಸುತ್ತದೆ.

ಹೋದ ವಾರ ಅಮ್ಮನಿಗೆ ಹೊಸ ರೋಲಿನ ವಿಷಯ ಹೇಳಿದೆ. ಅವರು ಕೇಳಿದ್ದು ಸಂಬಳ ಅಲ್ಲ.

‘ಅಲ್ಲಿ ನಿನ್ನ ಗುರ್ತ ಹಿಡಿಯುವವರು ಯಾರಾದ್ರೂ ಇದ್ದಾರಾ ಮಗಾ?’

‘ಕಾಫಿ ಕೊಡುವ ಅಜ್ಜಿ ಒಬ್ರು ಇದ್ದಾರಮ್ಮ. ಹೋದ ಸಲ, ಎಂತ ಇಷ್ಟು ದಿನ ಕಾಣ್ಲಿಲ್ಲ ಅಂತ ಕೇಳಿದ್ರು.’

‘ಅಲ್ಲಿ ಕಾಣದಿದ್ರೆ ಅವ್ರು ಕೇಳ್ತಾರೆ, ಇಲ್ಲಿ ಕಾಣದಿದ್ರೆ ನಾನು ಕೇಳ್ತೇನೆ. ನೀನು ಎರಡೂ ಕಡೆ ಕಾಣದೆ ಇರ್ಬೇಡ, ಅಷ್ಟೇ.’

ಮ್ಯಾನೇಜರಿಗೆ ಮೇಲ್ ಕಳಿಸಿದ್ದೇನೆ. ಇನ್ನೂರು ಆಗುವುದಿಲ್ಲ, ನೂರಿಪ್ಪತ್ತು ಆಗಬಹುದು. ಆರು ದೇಶ ಬೇಡ, ಎರಡೇ ಊರು ಕೊಡಿ, ಅಲ್ಲಿಗೇ ಮತ್ತೆ ಮತ್ತೆ ಹೋಗುತ್ತೇನೆ ಅಂತ. ಹೆಂಡತಿ ಆಗಸ್ಟಿನಲ್ಲಿ ಹತ್ತು ದಿನ ಒಬ್ಬಳೇ ಹೋಗಲಿಕ್ಕೆ ಟಿಕೆಟ್ ನೋಡುತ್ತಿದ್ದಾಳೆ, ಎಲ್ಲಿಗೆ ಅಂತ ನನಗೆ ಇನ್ನೂ ಹೇಳಿಲ್ಲ. ಮೇಲಿಗೆ ಉತ್ತರ ಬಂದಿಲ್ಲ.